ಎಡೆಗಿಟ್ಟ ಬ್ಯಾಗು

ಹಾಸನಕ್ಕೆ ಲ್ಯಾಪ್‌ಟಾಪಿಗಿಂತ ಮೊದಲು ಲ್ಯಾಪ್‌ಟಾಪ್ ಬ್ಯಾಗು ಬಂತು. ಎರಡು ಸಾವಿರದ ಏಳು ಎಂಟರ ಸುಮಾರಿಗೆ ಎಂಜಿನಿಯರಿಂಗ್ ಹುಡುಗರ ಬೆನ್ನ ಮೇಲೆ ಅವು ಕಾಣಿಸಿಕೊಂಡವು. ಒಳಗೆ ಟಿಫನ್ ಡಬ್ಬಿ, ಡ್ರಾಯಿಂಗ್ ಸಾಮಾನು, ಶನಿವಾರ ಊರಿಗೆ ಒಯ್ಯುವ ಕೊಳೆ ಬಟ್ಟೆ ಇರುತ್ತಿದ್ದವು. ಕಂಪ್ಯೂಟರೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅದರಲ್ಲಿ ಜಾಗವಿತ್ತು.

ದುದ್ದದ ತಿಮ್ಮಪ್ಪನ ಮಗ ಅನಿಲ್‌ಕುಮಾರ್ ಅಂಥದೊಂದನ್ನು ಕೇಳಿದ್ದ. ಹಳೆಯ ಬ್ಯಾಗಿನ ಪಟ್ಟಿ ಕಿತ್ತುಹೋಗಿ, ಪುಸ್ತಕಗಳನ್ನು ಬಟ್ಟೆ ಅಂಗಡಿಯ ಕವರಿಗೆ ತುಂಬಿಕೊಂಡು ಓಡಾಡುತ್ತಿದ್ದ. ಹಾಲು ಕರೆಯುತ್ತಿದ್ದ ತಿಮ್ಮಪ್ಪ ತಲೆ ಎತ್ತದೆ, “ಲ್ಯಾಪ್‌ಟಾಪೇ ಇಲ್ದೋನ್ಗೆ ಅದ್ರ ಚೀಲ ಯಾಕ್ಲಾ?” ಎಂದ. ಕೊಟ್ಟಿಗೆಯಲ್ಲಿದ್ದವರೆಲ್ಲ ನಕ್ಕರು. ಮಾತು ಚೆನ್ನಾಗಿಯೇ ಇತ್ತು. ತಿಮ್ಮಪ್ಪನಿಗೂ ಹಾಗನ್ನಿಸಿ, ಡೈರಿಯ ಮುಂದೆ ಇನ್ನೊಂದು ಸಲ ಹೇಳಿ ಅಲ್ಲಿಯೂ ನಗಿಸಿದ. ಅಷ್ಟು ಹೊತ್ತಿಗೆ ಅನಿಲ್ ತುಂಬಿದ ಬಸ್ಸಿನ ಫುಟ್‌ಬೋರ್ಡಿನ ಮೇಲೆ, ಒಂದು ಕೈಯಲ್ಲಿ ಕವರು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದ. ಹಾಸನ ಮುಟ್ಟುವ ಮೊದಲು ಒಂದು ತಿರುವಿನಲ್ಲಿ ಕೆಳಗೆ ಬಿದ್ದ. ಆಸ್ಪತ್ರೆಗೆ ಸಾಗಿಸಿದ್ದು ಶಾಸ್ತ್ರಕ್ಕೆ.

ಮೂರನೇ ದಿನ ಹಾಲುತುಪ್ಪ. ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದ ಜಾಗಕ್ಕೆ ಹಾಲು ತುಪ್ಪ ಬಿಟ್ಟು, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಎಲ್ಲರೂ ದೂರ ಸರಿದು ಕಾಗೆಗೆ ಕಾದರು. ಕಾಗೆ ಬಂದು ಎಡೆ ಮುಟ್ಟಿದರೆ ಸತ್ತವನು ಸಮಾಧಾನದಿಂದ ಹೋದ ಎಂದು. ಮುಟ್ಟದಿದ್ದರೆ ಮನಸ್ಸು ಇಲ್ಲೇ ಎಲ್ಲೋ ಸಿಕ್ಕಿಕೊಂಡಿದೆ ಎಂದು. ಅವತ್ತು ಕಾಗೆ ಬರಲಿಲ್ಲ. ಪಕ್ಕದ ಹೊಲದಲ್ಲಿ ಟಿಲ್ಲರ್ ಓಡುತ್ತಿತ್ತು, ಊರಿನ ಕಾಗೆಗಳೆಲ್ಲ ಹುಳ ಆರಿಸುತ್ತ ಅದರ ಹಿಂದೆ ಹೊರಟಿದ್ದವು. ಅದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಕಾರಣ ಅದೇ ಎಂದು ಒಪ್ಪಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ.

ಹುಡುಗನ ಆಸೆ ಏನಿತ್ತು ಎಂದು ವಿಚಾರಣೆ ಶುರುವಾಯಿತು. ಯಾರೋ ಬೈಕಿನಲ್ಲಿ ಹೋಗಿ ಬೇಕರಿಯಿಂದ ಎಗ್ ಪಫ್ ತಂದಿಟ್ಟರು. ಕ್ರಿಕೆಟ್ ಬ್ಯಾಟು ಬಂತು. ಬಿಯರ್ ಏನಾದರೂ, ಎಂದು ಒಬ್ಬರು ದನಿ ತಗ್ಗಿಸಿ ಕೇಳಿದರು. ಅತ್ತೆಯೊಬ್ಬಳು ದನಿ ತಗ್ಗಿಸದೆಯೇ, ಹುಡುಗಿ ಗಿಡುಗಿ ಇದ್ದಳೇನೋ ಎಂದು ಕೇಳಿ ಬೈಸಿಕೊಂಡಳು. ಬಿಸಿಲೇರಿತು. ಅನಿಲನ ಅಜ್ಜಿ ದೊಡ್ಡಮ್ಮ ಆಕಾಶದ ಕಡೆ ಸೆರಗೊಡ್ಡಿ, ಬಾ ಮಗಾ, ಬಾ ಮಗಾ ಎಂದು ಕರೆಯುತ್ತಲೇ ಇದ್ದಳು. ಕಡೆಗೆ ತಿಮ್ಮಪ್ಪನೇ ಬಾಯಿಬಿಟ್ಟ.

“ಬ್ಯಾಗ್ ಕೇಳಿದ್ದ. ನಾನು ನಗಾಡ್ಬುಟ್ಟೆ.”

ಮದುವೆಯಾಗದ ಹುಡುಗ, ಮೂರಕ್ಕೇ ಎಲ್ಲ ಮುಗಿಸಿ ಎಂದಿದ್ದವರೂ ಈಗ ಹನ್ನೊಂದಕ್ಕೆ ತಿಥಿ ಮಾಡಲೇಬೇಕೆಂದರು. ಎಡೆಗೆ ಬ್ಯಾಗು ಇಡುವುದೆಂದೂ, ಕಾಗೆ ಮುಟ್ಟಿದರೆ ಮಗ ಅಪ್ಪನನ್ನು ಮನ್ನಿಸಿದ ಹಾಗೆಂದೂ ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಊಟಕ್ಕೆ ಹೋದರು. ಆ ಮಾತು ತಿಮ್ಮಪ್ಪನ ಕೊರಳಿಗೆ ಉರುಳಾಯಿತು.

ಹಾಸನದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಷಡಕ್ಷರಿಯ ಬ್ಯಾಗಿನ ಅಂಗಡಿ. ತಿಮ್ಮಪ್ಪ ಭಾಮೈದ ಲಕ್ಕಯ್ಯನನ್ನೂ, ಅನಿಲನ ಜೊತೆ ಓದುತ್ತಿದ್ದ ಹೊಳೆನರಸೀಪುರದ ಕೇದಾರನನ್ನೂ ಕರೆದುಕೊಂಡು ಹೋದ. ಯಾವ ಬ್ಯಾಗಿನ ಮೇಲೆ ಅನಿಲನ ಕಣ್ಣಿತ್ತು ಎಂದು ಕೇದಾರನನ್ನು ದಾರಿಯುದ್ದಕ್ಕೂ ಕೇಳಿದ. ದೊಡ್ಡದು ಬೇಕು ಅನ್ನುತ್ತಿದ್ದ ಅಂಕಲ್ ಎಂಬುದಕ್ಕಿಂತ ಹೆಚ್ಚಿನದು ಅವನಿಗೂ ಗೊತ್ತಿರಲಿಲ್ಲ.

ಷಡಕ್ಷರಿ ವ್ಯಾಪಾರ ಬಲ್ಲವನು. ಮಗ ಯಾವ ಕಾಲೇಜು, ಎಷ್ಟನೇ ಸೆಮಿಸ್ಟರು ಎಂದು ವಿಚಾರಿಸಿದ. ತಿಮ್ಮಪ್ಪ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟ: ಐದನೇದು, ಮೆಕ್ಯಾನಿಕಲ್ಲು, ಬುದ್ಧಿವಂತ, ಒಂದು ಸಬ್ಜೆಕ್ಟ್ ಉಳಿಸಿಕೊಂಡವ್ನೆ. ಲಕ್ಕಯ್ಯ ರಸ್ತೆಯ ಕಡೆ ತಿರುಗಿ ನಿಂತ. ನೀಲಿ, ಬೂದಿ, ಕಪ್ಪು ಬ್ಯಾಗುಗಳು ಕೌಂಟರಿನ ಮೇಲೆ ಬಂದು ಕೂತವು. ಇದು ಇಪ್ಪತ್ತೈದು ಲೀಟರು, ಇದು ಮೂವತ್ತೈದು ಎಂದಾಗ, ಹಾಲಿಗಲ್ಲದೆ ಚೀಲಕ್ಕೂ ಲೀಟರ್ ಅಳತೆ ಉಂಟೇ ಎಂದು ತಿಮ್ಮಪ್ಪ ಕೇಳಿದ. ಉಂಟೆಂದು ತಿಳಿದ ಮೇಲೆ ಡೈರಿ ಕ್ಯಾನಿನಷ್ಟು, ನಲವತ್ತರದ್ದು ಇದ್ದರೆ ತೋರಿಸಿ ಎಂದ. ಇನ್ನು ಸಣ್ಣದು ತಂದು ಮಗನ ಕಣ್ಣಿನಲ್ಲಿ ಮತ್ತೊಂದು ಸಲ ಸಣ್ಣವನಾಗಲು ಅವನು ತಯಾರಿರಲಿಲ್ಲ.

ಅಟ್ಟದಿಂದ ಒಂದು ಇಳಿಯಿತು. ಕಡುಕಪ್ಪು. ಎಲ್ಲ ಕಡೆ ಜಿಪ್ಪು, ಸುತ್ತ ನೇತಾಡುವ ಪಟ್ಟಿ, ಮಳೆಗೆಂದು ಬೇರೆ ಟೊಪ್ಪಿಗೆ. ಕಪ್ಪಾದರೆ ಕೊಳೆ ಕಾಣುವುದಿಲ್ಲ ಎಂದ ಷಡಕ್ಷರಿ. ಆದರೂ ದೊಡ್ಡ ಬ್ಯಾಗು, ಹುಡುಗನೇ ಬಂದು ಹಾಕಿಕೊಂಡು ನೋಡಲಿ, ಬೆನ್ನು ನೋಡದೆ ಇಂಥದ್ದು ಕೊಡಬಾರದು ಎಂದೂ ಸೇರಿಸಿದ. ತಿಮ್ಮಪ್ಪ ಕೇದಾರನ ಕಡೆ ನೋಡಿದ. ಅವನದೂ ಅನಿಲನದೂ ಒಂದೇ ಎತ್ತರ.

ಕೇದಾರ್ ಹಿಂದೆ ಸರಿದ. ಸತ್ತವರ ವಸ್ತು ಮೈಗೆ ತಾಗಿಸಬೇಡ ಎಂದು ಮನೆಯಲ್ಲಿ ಹೇಳಿ ಕಳಿಸಿದ್ದರೋ ಏನೋ. ಆಮೇಲೆ, ಇನ್ನೂ ಎಡೆಗೆ ಇಟ್ಟಿಲ್ಲವಲ್ಲ ಎಂದು ತನಗೆ ತಾನೇ ಲೆಕ್ಕ ಹೇಳಿಕೊಂಡವನಂತೆ, ತೋಳು ತೂರಿಸಿ ಬೆನ್ನು ತಿರುಗಿಸಿ ನಿಂತ. ಹಿಂದಿನಿಂದ ನೋಡಿದರೆ ಯಾರಾದರೂ ಆಗಬಹುದಿತ್ತು. ತಿಮ್ಮಪ್ಪ ಪಟ್ಟಿ ಎಳೆದು ಸರಿಮಾಡಿದ, ಹೆಗಲ ಮೇಲಿನ ಮಡಿಕೆ ನೀವಿದ, ಕೈ ತೆಗೆಯುವುದನ್ನು ಮರೆತ. ವ್ಯಾಪಾರ ಕುದುರಿತೆಂದು ಷಡಕ್ಷರಿ ಹುರುಪುಗೊಂಡ.

“ಇದ್ರದ್ದು ದೊಡ್ಡ ಅನುಕೂಲ ಇದೇ ನೋಡಿ ಯಜಮಾನ್ರೇ. ಎರಡೂ ಕೈ ಖಾಲಿ ಇರ್ತವೆ. ಬಸ್ಸಲ್ಲಿ ಎಷ್ಟೇ ರಶ್ ಇರ್ಲಿ, ಗಟ್ಟಿಯಾಗಿ ಹಿಡ್ಕಬೋದು.”

ತಿಮ್ಮಪ್ಪ ಚೌಕಾಸಿ ಮಾಡಲಿಲ್ಲ.

ಹನ್ನೊಂದನೇ ದಿನ ಬಂಧುಬಳಗವೆಲ್ಲ ಹೊಲದಲ್ಲಿ ಸೇರಿತು. ಟಿಲ್ಲರಿನವನಿಗೆ ಮೊದಲೇ ಹೇಳಿ ನಿಲ್ಲಿಸಿದ್ದರು. ಮುದ್ದೆ, ಕೋಳಿ ಸಾರು, ಎಗ್ ಪಫ್ ಎಲೆಯ ತುಂಬ ಇದ್ದವು. ಖಾಲಿ ಬ್ಯಾಗು ಕುಸಿಯುತ್ತದೆಂದು ತಿಮ್ಮಪ್ಪ ಅದಕ್ಕೆ ಒಣಹುಲ್ಲು ತುರುಕಿ, ಎಡೆಯ ತಲೆಯ ಕಡೆ ನೆಟ್ಟಗೆ ನಿಲ್ಲಿಸಿದ. ಬಂದವರು ಜಿಪ್ಪು ಎಳೆದು ನೋಡಿ, ಒಳ್ಳೇ ಮಾಲು ಎಂದು ಮೆಚ್ಚಿದರು. ಆಮೇಲೆ ಎಲ್ಲರೂ ತೆಂಗಿನ ಮರದಡಿ ಸರಿದರು.

ಕಾಗೆಗಳು ಬಂದವು. ತೆಂಗಿನ ಗರಿಯ ಮೇಲೆ ಸಾಲಾಗಿ ಕೂತವು. ಒಂದು ಇಳಿಯಿತು, ಗಾಳಿಗೆ ಬ್ಯಾಗಿನ ಪಟ್ಟಿ ಪಟಪಟ ಬಡಿಯಿತು, ಕಾಗೆ ಅರ್ಧದಲ್ಲೇ ರೆಕ್ಕೆ ತಿರುಗಿಸಿ ಮರಕ್ಕೆ ವಾಪಸಾಯಿತು. ಇನ್ನೊಂದು ಹಾಗೇ ಮಾಡಿತು. ದೊಡ್ಡಮ್ಮ ಕರೆಯಲು ಶುರುಮಾಡಿದಳು. ತಿಮ್ಮಪ್ಪ ಕೈ ಮುಗಿದು ನಿಂತವನು ಕೈ ಇಳಿಸಲಿಲ್ಲ.

ಲಕ್ಕಯ್ಯ ಮೆಲ್ಲಗೆ ಬಂದು ಕಿವಿಯಲ್ಲಿ ಹೇಳಿದ. “ಭಾವ, ಆ ಬ್ಯಾಗ್ನ ಅತ್ಲಾಗಿಡು. ಕಾಗೆ ಅದ್ಕೆ ಎದರ್ತಾ ಅವೆ.”

“ಅದ್ನ ತೆಗುದ್ರೆ ಇನ್ನೇನ್ ನೋಡ್ಕಂಡ್ ಬತ್ತಾನ್ಲಾ ಅವ್ನು?”

ಸೇರಿದ್ದ ಜನಕ್ಕೆ ಹಸಿವಾಗಿತ್ತು. ಕಾಗೆ ತಿನ್ನದೆ ತಾವು ತಿನ್ನುವಂತಿರಲಿಲ್ಲ. ಮಗನಿಗೆ ಅಪ್ಪನ ಮೇಲಿನ ಸಿಟ್ಟು ಇಳಿದಿಲ್ಲ ಎಂದು ಒಬ್ಬರು ಅಂದದ್ದು ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು.

ಆಗ ಹುಡುಗನ ತಾಯಿ ಶಾಂತಕುಮಾರಿ ಎದ್ದಳು. ಹನ್ನೊಂದು ದಿನ ಗಂಡನ ಜೊತೆ ಮಾತಾಡಿರಲಿಲ್ಲ. ನೇರವಾಗಿ ಎಡೆಯ ಹತ್ತಿರ ಹೋಗಿ ಬ್ಯಾಗನ್ನು ಎತ್ತಿ ತೋಳಲ್ಲಿ ಅವುಚಿಕೊಂಡಳು.

“ಮಗ ಅಸ್ಕಂಡವ್ನೆ. ನಿಮ್ ಬ್ಯಾಗು ಆಮ್ಯಾಕೆ.”

ಹೊಲದ ಆಚೆ ಕಡೆಗೆ ನಡೆದಳು. ಅವಳು ಎಷ್ಟು ದೂರ ಹೋದಳೋ ಕಾಗೆಗಳು ಅಷ್ಟು ಹತ್ತಿರ ಬಂದವು. ಮೊದಲು ಒಂದು ಕೋಳಿ ತುಂಡಿಗೆ ಕೊಕ್ಕು ಹಾಕಿತು, ಆಮೇಲೆ ಎಲೆಯೇ ಕಾಣದಷ್ಟು ಮುತ್ತಿದವು. ದೊಡ್ಡಮ್ಮ ಗಲ್ಲ ಗಲ್ಲ ಬಡಿದುಕೊಂಡಳು. ಬಂದ, ತಿಂದ, ಸಮಾಧಾನ ಆಯಿತು ಎಂದು ನೆಂಟರು ತಿಮ್ಮಪ್ಪನ ಬೆನ್ನು ತಟ್ಟಿ ಊಟದ ಶಾಮಿಯಾನದ ಕಡೆ ಹೊರಟರು.

ತಿಮ್ಮಪ್ಪ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

“ನೋಡ್ದೇನ್ಲಾ ಲಕ್ಕಯ್ಯ. ನಾನ್ ತಂದ್ ಬ್ಯಾಗ್ ತೆಗುದ್ಮೇಲೆ ಬಂದ.”

ಲಕ್ಕಯ್ಯ ಪಕ್ಕದಲ್ಲಿ ಕೂತು ಸಮಾಧಾನವಾಗಿ ವಿವರಿಸಿದ. ಕಪ್ಪಗೆ ಏನಾದರೂ ಅಲ್ಲಾಡಿದರೆ ಕಾಗೆ ಹತ್ತಿರ ಸುಳಿಯುವುದಿಲ್ಲ, ಕಡಲೆಕಾಯಿ ಹೊಲಕ್ಕೆ ಹಳೇ ಛತ್ರಿ ಬಟ್ಟೆ ಕಟ್ಟುವುದು ಯಾಕೆ, ನೀಲಿಯದು ತಂದಿದ್ದರೂ ಆಗುತ್ತಿತ್ತು, ಸಣ್ಣದಾದರೂ ಆಗುತ್ತಿತ್ತು ಎಂದ. ತಿಮ್ಮಪ್ಪ ಪೂರ್ತಿ ಕೇಳಿಸಿಕೊಂಡ.

“ಕಾಗೆ ವಿಸ್ಯ ನಂಗೂ ಗೊತ್ತು ಕಣ,” ಎಂದ. “ನಾನು ಕಾಗೆ ವಿಸ್ಯ ಯೋಳ್ತಾ ಇಲ್ಲ.”

ಶಾಮಿಯಾನದಿಂದ ಎರಡು ಸಲ ಕರೆ ಬಂತು. ಲಕ್ಕಯ್ಯ ಎದ್ದು, ಒಬ್ಬನೇ ಊಟಕ್ಕೆ ಹೋದ.