ಮೂರು ಬಟ್ಟಲು ಕಡಲು

ನೆಲದಡಿಯ ಕಾಳಿನ ಗುಂಡಿ ಹಗೇವಿನಿಂದ ತೆಗೆದ ಜೋಳವನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ದೇವರ ಕೋಣೆಯಿಂದ ಮೈದುನ ಶಿವಶರಣಪ್ಪನ ಕೂಗು ಕೇಳಿತು.

"ಯವ್ವಾ, ಏನ ಮಾಡಿಬಿಟ್ಟಿ ಬೇ!"

ಮೊರ ಬಿಟ್ಟು ಓಡಿದೆ. ಅತ್ತೆ ಅಕ್ಕನಾಗಮ್ಮನವರ ಹಣೆಯ ಮೇಲೆ ಬೂದುಬಣ್ಣದ ಮೂರು ಗೆರೆ. ಅವರ ಮುಂದಿನ ಮೂರು ಹಿತ್ತಾಳೆ ಬಟ್ಟಲುಗಳಲ್ಲಿ ಅದೇ ಪುಡಿ. ಪಕ್ಕದಲ್ಲಿ ಮೂರು ಖಾಲಿ ಚೀಲ, ಬಿಚ್ಚಿ ಎಸೆದ ಮೂರು ಚೀಟಿ.

"ಅಮೇರಿಕಾದಿಂದ ವಿಭೂತಿ ತಂದಾನ, ಕೊಡಾಕ ಮರತಾನ ಅಂದ್ಕೊಂಡ್ನಿ," ಎಂದರು ಅತ್ತೆ. "ಕೆಸರಿನ ವಾಸನಿ ಬಂತು ಖರೆ. ಪರದೇಶದ ವಿಭೂತಿ ಹಂಗ ಇರ್ತದೇನೋ!"

ಅದು ಸಮುದ್ರದ ನೆಲ. ಅಮೇರಿಕಾದಲ್ಲಿ ಭೂವಿಜ್ಞಾನ ಓದಿದ ಶಿವಶರಣಪ್ಪ, ಹೋದ ವರ್ಷ, ೧೯೪೮ರಲ್ಲಿ, ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಅಟ್ಟದ ಮೇಲೆ ದುಡಿದಿದ್ದ. ಎಣ್ಣೆ ಹುಡುಕಲು ಅಲ್ಲಿಂದ ಕಡಲ ತಳಕ್ಕೆ ಬೈರಿಗೆ ಇಳಿಸುತ್ತಾರಂತೆ. ಕೊರೆದ ಪುಡಿ ಕೆಸರಿನೊಡನೆ ಮೇಲೆ ಬರುತ್ತದೆ. ಅದನ್ನು ತೊಳೆದು, ಆಳದ ಚೀಟಿ ಕಟ್ಟಿ ಚೀಲಕ್ಕೆ ತುಂಬುವುದು ಇವನ ಕೆಲಸ. ಆ ಚೀಲಗಳ ಪುಡಿಯನ್ನು ಆಳದ ಕ್ರಮದಲ್ಲಿ ಓದಿ ತೋರಿಸಿದರೆ ಮುಂಬಯಿಯಲ್ಲಿ ನೌಕರಿ. ಅವನು ಹೊರಡುವುದು ಇಂದೇ: ನಮ್ಮ ತಿಕೋಟಾದಿಂದ ಮಧ್ಯಾಹ್ನದ ಮೋಟಾರು, ವಿಜಾಪುರದಿಂದ ಸಂಜೆಯ ರೈಲು.

"ಯಾವ ಬಟ್ಟಲ ಯಾವ ಆಳದ್ದು, ಈಗ ಹೆಂಗ ಹೇಳ್ಲಿ ವೈನಿ? ಮೂರೂ ಒಂದ ಬಣ್ಣ!"

ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು ಗೌರಾ ಏನೋ ಕೇಳಲು ಬಾಯಿ ತೆರೆದಳು. ಕಾಕಾನ ಮುಖ ನೋಡಿ ಮುಚ್ಚಿದಳು.

ಬಣ್ಣ ಒಂದಾದರೂ ಒಳಗಿನ ಕಾಳು ಬೇರೆ ಇರಬಹುದೆಂದು ಒಂದೊಂದು ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು, ಅಕ್ಕಿ ತೊಳೆದಂತೆ ತೊಳೆದೆ. ಉಳಿದದ್ದರ ಮೇಲೆ ಅವನು ಭೂತಗನ್ನಡಿ ಹಿಡಿದ. ಬಗ್ಗಿ ನೋಡಿದೆ. ಸಾಸಿವೆಗಿಂತ ಸಣ್ಣ ಚಿಪ್ಪುಗಳು. ಒಂದೊಂದರಲ್ಲೂ ಕೋಣೆ, ಗೋಡೆ, ಬಾಗಿಲು. ಯಾವುದೋ ಜೀವ ಕಟ್ಟಿಕೊಂಡು ಬಾಳಿದ ಮನೆ.

"ಎಷ್ಟ ವರ್ಷದ್ದೋ ತಮ್ಮಾ?"

"ಲಕ್ಷಾಂತರ ವರ್ಷ, ವೈನಿ. ಸತ್ತು ತಳಕ್ಕ ಬಿದ್ದವು, ಮ್ಯಾಲ ಕೆಸರು ಕುಂತಿತು. ಆಮ್ಯಾಲ ಬ್ಯಾರೆ ಜಾತಿಯವು ಬಂದವು."

ಉಸಿರು ತಾಗಿದರೆ ಹಾರಿ ಹೋದಾವೆಂದು ಸೆರಗು ಬಾಯಿಗೆ ಹಿಡಿದೆ. ಬೇವಿನ ಕಡ್ಡಿಯ ಒದ್ದೆ ತುದಿಯಿಂದ ಒಂದೊಂದನ್ನೇ ಆರಿಸಿದೆ. ಗುಂಡನೆಯವು ಮೂರೂ ಬಟ್ಟಲಲ್ಲಿ ಇದ್ದವು. ಸುರುಳಿಯವು ಎರಡರಲ್ಲಿ. ಗೋಧಿಯಂತೆ ಉದ್ದನೆಯವು ಒಂದರಲ್ಲಿ ಮಾತ್ರ.

"ಎಲ್ಲಾ ಕಲಸಿ ಹೋಗ್ಯಾವ," ಎಂದು ಅವನು ತಲೆ ಹಿಡಿದು ಕುಳಿತ.

"ಕಲಸಿಲ್ಲೋ. ಹಗೇವಿನ್ಯಾಗ ಇಳದಾಗ ಮ್ಯಾಲಿನ ಜ್ವಾಳ ತಳಕ್ಕ ಉದರತಾವ. ತಳದ ಕಾಳು ಮ್ಯಾಲ ಏರತಾವೇನು? ನಿಮ್ಮ ಬೈರಿಗಿ ತೂತಿನ್ಯಾಗೂ ಹಂಗ. ಬರೇ ಗುಂಡನವು ಇದ್ದ ಬಟ್ಟಲ ಮ್ಯಾಲಿಂದು. ಉದ್ದನವು ಇದ್ದದ್ದು ತಳದ್ದು."

ಅವನು ತನ್ನ ವಹಿ ತೆರೆದು ಚಿತ್ರಗಳೊಡನೆ ಹೋಲಿಸಿದ. ಹಣೆ ಬಡಿದುಕೊಂಡು ನಕ್ಕ. "ಅಲ್ಲಿ ಸಾಹೇಬ್ರು ಇದನ್ನ ಹೇಳಿದ್ರು. ಗಾಬರ್ಯಾಗ ಮರತ ಬಿಟ್ನಿ!"

"ಮತ್ತ ನಾ ಹಚ್ಚಿಕೊಂಡದ್ದು?" ಎಂದರು ಅತ್ತೆ.

ಅವನು ಅವರ ಹಣೆಗೆ ಭೂತಗನ್ನಡಿ ಹಿಡಿದ. "ತಳದ್ದು, ಯವ್ವಾ. ನಿನಗಿಂತಾ ಹಿರೇರು."

ಅತ್ತೆ ಸೆರಗನ್ನು ಹಣೆಯವರೆಗೆ ಒಯ್ದು, ಒರೆಸದೆ ಕೈ ಇಳಿಸಿದರು.

ಪುಡಿ ಮತ್ತೆ ತುಂಬಿ ಚೀಟಿ ಕಟ್ಟಿದ ಮೂರೂ ಚೀಲ ನೆಲದ ಮೇಲೆ ಸಾಲಾಗಿ ಕುಳಿತವು. ಗೌರಾ ತಳದ ಚೀಲದಿಂದ ಮೇಲಿನದರವರೆಗೆ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಬಂದಳು. ಕೊನೆಯ ಚೀಲದ ಆಚೆ ಸಾರಿಸಿದ ಬರೀ ನೆಲ. ಅಲ್ಲಿ ಬೆರಳು ಊರಿ ನನ್ನ ಕಡೆ ತಿರುಗಿದಳು.

"ಅವ್ವಾ, ನಾವು ಯಾವ ಚೀಲದಾಗ ಬರ್ತೀವಿ?"