ನವಿಲಿನ ಕೊರಳು

ಮೊಳಕಾಲ್ಮೂರಿನ ಶಾಂತವೀರಪ್ಪನವರ ರೇಷ್ಮೆ ಮಗ್ಗದ ಮನೆಯಲ್ಲಿ ಬೈಗುಳ ನಿಂತದ್ದು ತೊಂಬತ್ತೆಂಟರ ಶ್ರಾವಣದಲ್ಲಿ. ಅದರ ಬದಲು ಒಂದೊಂದು ಮಗ್ಗಕ್ಕೂ ಒಂದೊಂದು ಸ್ಲೇಟು, ಬಳಪ ನೇತಾಡಿದವು.

"ಇನ್ ನಾನು ಕಾಯಾಕ್ ಬರಲ್ಲ. ಕೈ ನಿಂತಾಗ, ಮಾತಾಡ್ದಾಗ, ಹಾಡ್ದಾಗ ನೀವೇ ಒಂದ್ ಗೀಟು ಹಾಕ್ಕಳ್ರಿ. ನಿಮ್ ಮನಸ್ಸೇ ನಿಮಗೆ ಮೇಸ್ತ್ರಿ," ಎಂದರು ಸಾವ್ಕಾರ್ರು.

ಅಲ್ಲಿ ನೇಯುತ್ತಿದ್ದ ಸೂರಮ್ಮ ದೇವರಿಗೆ ಅಂಜುವವಳು. ತಪ್ಪಿಸಿದ ಗೀಟನ್ನು ಸಾವ್ಕಾರ್ರು ಕಾಣದಿದ್ದರೂ ಸ್ವಾಮಿ ಕಾಣುತ್ತಾನಲ್ಲ. ಮೊದಮೊದಲು ದಿನಕ್ಕೆ ಹತ್ತು ಗೀಟು ಬಿದ್ದವು. ಆಮೇಲೆ ನಾಲ್ಕು. ದೀಪಾವಳಿಗೆ ಸ್ಲೇಟು ತೊಳೆದ ಹಂಗಿತ್ತು. ಮನೆಯಲ್ಲಿ ರೊಟ್ಟಿ ತಟ್ಟುವಾಗ ಹಾಡುವ ಪದವೊಂದು ನಾಲಿಗೆಗೆ ಬಂದರೂ ಬೆರಳು ಬಳಪಕ್ಕೆ ತಡಕಾಡುತ್ತಿತ್ತು. ಪದ ಗಂಟಲಲ್ಲೇ ಉಳಿಯುತ್ತಿತ್ತು.

ಕಾರ್ತೀಕದಲ್ಲಿ ಸಾವ್ಕಾರ್ರು ಅವಳು ಮಗ್ಗದಲ್ಲಿ ನೇಯುತ್ತಿದ್ದ ಸೀರೆಯ ಸೆರಗು ಬಿಡಿಸಿ ನೋಡಿ ಬೆಚ್ಚಿದರು. ಮೂರು ನವಿಲು ನೆಟ್ಟಗಿದ್ದವು. ನಾಲ್ಕನೆಯದಕ್ಕೆ ಕೊರಳೇ ಇಲ್ಲ. ಐದನೆಯದು ಕೊಕ್ಕರೆ.

"ಇಪ್ಪತ್ತು ವರ್ಷದಾಗೆ ನಿನ್ ಕೈ ತಪ್ಪಿಲ್ಲ. ಏನಾತವ್ವ?"

ಸೂರಮ್ಮ ತನ್ನ ಕೈಯನ್ನೇ ನೋಡಿಕೊಂಡಳು. ಅವಳೆಂದೂ ಎಳೆ ಎಣಿಸಿದವಳಲ್ಲ. ಅಪ್ಪ ಹೇಳಿಕೊಟ್ಟ ಪದದ ಒಂದು ಸಾಲಿಗೆ ಎಂಟು ಸಲ ಲಾಳಿ ಓಡಬೇಕು; ನಾಲ್ಕು ಸಾಲು ಮುಗಿದರೆ ಕೊರಳು ಮುಗಿಯಿತು. ಅಷ್ಟೇ ಅವಳ ಲೆಕ್ಕ.

"ಪದ ಬಿಟ್ಟೆ ಸಾವ್ಕಾರ್ರೆ. ನವಿಲೂ ಬಿಟ್ಟೋತು."

"ಹಾಡ್ಬೇಡ ಅಂತ ಯಾರಂದ್ರು? ನಾನು ಒಂದಿನಾನೂ ನಿನ್ ಸ್ಲೇಟು ನೋಡಿಲ್ಲ!"

"ಅದೇ ರೀ ಕಷ್ಟ ಬಂದಿರಾದು. ನೀವು ಬೈತಿದ್ದಾಗ, ನೀವ್ ಅತ್ಲಾಗ್ ಹೋದ್ರೆ ಹಾಡ್ತಿದ್ದೆ. ಈಗ ನನ್ ಬೆನ್ನಿಂದೆ ನಾನೇ ಕುಂತಿದೀನಿ. ನಾನೆಲ್ಲಿಗೆ ಹೋಗ್ಲಿ?"

ಸಾವ್ಕಾರ್ರು ಮೆತ್ತಗಾದರು. "ಆಯ್ತು, ಹಾಡವ್ವ. ಗೀಟೊಂದು ಹಾಕ್ಕಂಡು ಹಾಡು."

"ಇಲ್ರೀ." ಸೂರಮ್ಮ ಸ್ಲೇಟಿನ ದಾರ ಬಿಚ್ಚಿ ಅವರ ಕೈಗಿಟ್ಟಳು. "ನನ್ ಪದ ಕೇಳಾ ಸ್ವಾಮಿ ಗೀಟು ಎಣಿಸಾನಲ್ಲ. ನಾನೂ ಎಣಿಸಲ್ಲ. ಬ್ಯಾಡ ಅಂದ್ರೆ ಹೇಳ್ರಿ, ಈಗಲೇ ಎದ್ದೋಗ್ತೀನಿ. ಈ ಕೊಕ್ಕರೆ ಯಾರ್ ಕೈಲಾದ್ರೂ ನೇಯಿಸ್ಕಳ್ರಿ."

ಪಕ್ಕದ ಮಗ್ಗದ ಗಂಗಲಕ್ಷ್ಮಿ ತಲೆ ಎತ್ತದೆ ಅಂದಳು: "ಸೂರಕ್ಕ, ನಂದೂ ಒಯ್ಯಾಕ್ ಹೇಳು. ನನ್ ಬಾಯಿಗೆ ಆ ಸ್ಲೇಟು ಎಲ್ಲಿ ಸಾಕಾಗ್ತೈತೆ!"

ಮಗ್ಗದ ಮನೆ ನಕ್ಕಿತು. ಸಾವ್ಕಾರ್ರು ಎದ್ದೋಗು ಅನ್ನಲಿಲ್ಲ. ಸ್ಲೇಟು ಹಿಡಿದು ನಿಂತೇ ಇದ್ದರು.

ಸೂರಮ್ಮ ಕೊಕ್ಕರೆಯನ್ನೂ ಕೊರಳಿಲ್ಲದ ನವಿಲನ್ನೂ ಎಳೆ ಎಳೆಯಾಗಿ ಬಿಚ್ಚಿ, ಮೊದಲ ಸಾಲು ಎತ್ತಿದಳು. ಎತ್ತಿದೊಡನೆ ಬಲಗೈ ತಾನಾಗಿ ಬಳಪ ತೂಗುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಎಡಗೈಯಿಂದ ಆ ಕೈಗೊಂದು ಪೆಟ್ಟು ಕೊಟ್ಟು, ಲಾಳಿ ಹಿಡಿಸಿ, ದನಿ ಇನ್ನಷ್ಟು ಏರಿಸಿದಳು.