ಮಗ್ಗ ನಿಲ್ಲುತ್ತಿದ್ದ ಮೂರು ದಿನ

ಹೊಸ್ತಿಲಲ್ಲಿ ಎಡವಿ ಗೋಡೆಗೆ ಕೈ ಊರಿದ್ದಷ್ಟೇ. ಲಕ್ಷ್ಮಕ್ಕನ ಮಣಿಕಟ್ಟು ಒಣಗಿದ ತೊಗರಿ ಕಡ್ಡಿಯಂತೆ ಲಟಕ್ಕೆಂದಿತ್ತು. ವಯಸ್ಸಾದರೂ ಎಷ್ಟು, ನಲವತ್ತನಾಲ್ಕು. ಗಂಡ, ನೇಕಾರ ಎರ್ರಿಸ್ವಾಮಿ, ಮೊಳಕಾಲ್ಮೂರಿನಿಂದ ಚಳ್ಳಕೆರೆಯವರೆಗೂ ಬಸ್ಸಿನಲ್ಲಿ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮೂಳೆ ಡಾಕ್ಟರು ಮಂಗಳಗೌರಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಇದು ಎಪ್ಪತ್ತರ ಅಜ್ಜಿಯ ಮೂಳೆ ಕಣಮ್ಮ. ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

"ಹನ್ನೆರಡಾತು ತಾಯಿ. ಆಪ್ರೇಷನ್ ಮಾಡಿ ಗರ್ಭಕೋಶ ತೆಗೆದ್ರು."

"ಅಂಡಾಶಯಾನೂ?"

"ಎಲ್ಡೂ ಕಡೇವೂ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೂಳೆ ದಿನವೂ ಸವೆಯುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಹೆಣ್ಣಿನ ಮೂಳೆಯನ್ನು ಕಾಯುವ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಅಂಡಾಶಯದಲ್ಲಿ. ಅದಿಲ್ಲದಿದ್ದರೆ ಸವೆತವೇ ಮುಂದಾಗುತ್ತದೆ ಎಂದು ಬಿಡಿಸಿ ಹೇಳಿದರು.

"ಮೂವತ್ತೆರಡಕ್ಕೇ ಯಾಕೆ ತೆಗೆಸಿದ್ರಿ? ಗಡ್ಡೆ ಇತ್ತಾ?"

"ಹೊಟ್ಟೆನೋವು," ಲಕ್ಷ್ಮಕ್ಕ ಗಂಡನತ್ತ ನೋಡದೆ ಹೇಳಿದಳು. "ತಡೆಯಾಕಾಗ್ತಿರಲಿಲ್ಲ."

ಎರ್ರಿಸ್ವಾಮಿಗೆ ನಿಜ ಗೊತ್ತಿತ್ತು. ನೋವಿರಲಿಲ್ಲ. ಮುಟ್ಟಾದವಳು ರೇಷ್ಮೆ ಮುಟ್ಟಕೂಡದೆಂಬುದು ಅವರ ಮನೆಯ ಕಟ್ಟು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಡುವ ಕೈಯಿಲ್ಲದೆ ತಿಂಗಳಿಗೆ ಮೂರು ದಿನ ಮಗ್ಗ ನಿಲ್ಲುತ್ತಿತ್ತು. ಆ ಕಟ್ಟನ್ನು ಮುರಿಯುವ ಎದೆಗಾರಿಕೆ ಅವನಿಗಿರಲಿಲ್ಲ. ಹೆಂಡತಿಯ ಹೊಟ್ಟೆ ಕೊಯ್ಸುವ ಧೈರ್ಯ ಮಾತ್ರ ಬಂದಿತ್ತು. "ಕಾಟ ಒಂದೇ ಸಲಕ್ಕೆ ತೀರ್ತೈತೆ, ಬಾರೇ" ಎಂದು ಗಡಿಯಾಚೆಯ ಆಸ್ಪತ್ರೆಗೆ ಕರೆದೊಯ್ದವನು ಅವನೇ. ಆಮೇಲೆ ಗೆಳೆಯರ ನಡುವೆ ಕೂತು, "ನಮ್ಮ ಮಗ್ಗಕ್ಕೆ ಇನ್ನು ರಜವೇ ಇಲ್ಲ ಕಣ್ರಲೇ" ಎಂದು ನಕ್ಕಿದ್ದ.

ಡಾಕ್ಟರು ಬರೆದುಕೊಳ್ಳತೊಡಗಿದರು. ಸುಳ್ಳೊಂದು ಅವನ ಕಣ್ಣೆದುರೇ ಕಾಗದದ ಮೇಲೆ ನಿಜವಾಗುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು.

"ನೋವಿರಲಿಲ್ಲಮ್ಮ," ಎಂದ. "ಮಗ್ಗ ನಿಲ್ಲಬಾರದಂತ ನಾನೇ ತೆಗೆಸ್ದೆ."

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತೇನೋ. ಬರೆದದ್ದನ್ನು ಹೊಡೆದುಹಾಕಿ, ಕೈಗೆ ಕಟ್ಟು ಹಾಕಿಸಿ, ಮಾತ್ರೆ ಬರೆದುಕೊಟ್ಟರು. ಹೋದ ಮೂಳೆ ಪೂರ್ತಿ ಬಾರದು, ಉಳಿದದ್ದನ್ನು ಕಾಯಬಹುದು ಎಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದ: "ನನ್ನ ಮಾನ ಕಾಯಾಕೆ ಯಾಕೆ ಸುಳ್ಳು ಹೇಳ್ದೆ?"

"ನಿಮ್ಮ ಮಾನ ಯಾರಿಗೆ ಬೇಕಿತ್ತು?" ಎಂದಳು ಲಕ್ಷ್ಮಕ್ಕ. "ಏನೂ ಇಲ್ದೆ ಹೊಟ್ಟೆ ಕೊಯ್ಸಿಕೊಂಡ ದಡ್ಡಿ ಅನ್ನಿಸಿಕೊಳ್ಳಾಕೆ ನಂಗೇ ನಾಚಿಕೆ ಆತು. ಅದನ್ನೂ ಹೇಳಿಬಿಟ್ರಲ್ಲ ನೀವು, ನನ್ನನ್ನೊಂದು ಮಾತು ಕೇಳ್ದೆ."

ಅವನು ಚೀಟಿ ಹಿಡಿದು ಎದ್ದ. ಔಷಧಿ ಅಂಗಡಿ ಎದುರಿಗೇ ಇತ್ತು. ಹಿಂದಿರುಗಿ ಅವಳ ಮುಖ ನೋಡಬೇಕಲ್ಲ ಎಂದು, ಸರದಿಯಲ್ಲಿ ಹಿಂದಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಮುಂದೆ ಬಿಟ್ಟ.